ಕ್ಲ್ಯಾಂಪ್ ಬಿಚ್ಚುವ ಹೊತ್ತು

ಶಸ್ತ್ರಚಿಕಿತ್ಸೆಗಾಗಿ ಹೃದಯವನ್ನು ನಿಲ್ಲಿಸುವುದೇ ದೊಡ್ಡ ಗಂಡಾಂತರ ಎಂದು ರೋಗಿಯ ಮನೆಯವರು ಹೆದರುತ್ತಾರೆ. ಆ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರ ನಡೆಸುವ ನನಗೆ ಎದೆ ಡವಗುಟ್ಟುವುದು ಅದಕ್ಕೆ ಮತ್ತೆ ರಕ್ತ ಬಿಡುವಾಗ.

ನಿಲ್ಲಿಸುವ ವಿದ್ಯೆ ಪಳಗಿದೆ. ಮಹಾಪಧಮನಿಗೆ ರಕ್ತ ತಡೆಯುವ ಚಿಮಟ, ಅಂದರೆ ಕ್ಲ್ಯಾಂಪ್ ಬಿದ್ದೊಡನೆ ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ಕಾರ್ಡಿಯೋಪ್ಲೀಜಿಯಾ ದ್ರಾವಣ ಬಿಡುತ್ತೇನೆ. ಇಸಿಜಿ ಗೆರೆ ನೇರವಾಗುತ್ತದೆ. 1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ತೋರಿಸಿದ ದಾರಿ ಇದು. ಅವರ ದ್ರಾವಣ ತೀರಾ ಪ್ರಬಲವಾಗಿದ್ದು ಸ್ನಾಯುವಿಗೇ ಪೆಟ್ಟು ಕೊಟ್ಟಿತು. 1970ರ ದಶಕದಲ್ಲಿ ಪೊಟ್ಯಾಸಿಯಂ ತಗ್ಗಿಸಿಕೊಂಡು ಮರಳಿ ಬಂತು.

ರಕ್ತ ಮರಳುವಾಗಿನ ಕಷ್ಟ ಬೇರೆ. ರಕ್ತವಿಲ್ಲದ ಜೀವಕೋಶದಲ್ಲಿ ಆಮ್ಲ ಸೇರಿಕೊಳ್ಳುತ್ತದೆ. ಆ ಆಮ್ಲವೇ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಂದು ರಂಧ್ರ ತೆರೆಯದಂತೆ ತಡೆದಿರುತ್ತದೆ. ರಕ್ತ ಒಮ್ಮೆಲೇ ನುಗ್ಗಿದರೆ ಆಮ್ಲ ತೊಳೆದುಹೋಗುತ್ತದೆ, ಕ್ಯಾಲ್ಸಿಯಂ ಉಕ್ಕುತ್ತದೆ, ರಂಧ್ರ ತೆರೆಯುತ್ತದೆ. ಅಷ್ಟು ಹೊತ್ತು ಜೀವ ಹಿಡಿದುಕೊಂಡಿದ್ದ ಕೋಶ ಸಾಯುತ್ತದೆ.

ಆದ್ದರಿಂದಲೇ ಕ್ಲ್ಯಾಂಪ್ ತೆಗೆಯುವ ಮುನ್ನ, ರಕ್ತ ಬೆರೆತ ಬೆಚ್ಚಗಿನ ದ್ರಾವಣವನ್ನು ಕಡಿಮೆ ಒತ್ತಡದಲ್ಲಿ ಕೊಡುತ್ತೇವೆ. ನಮ್ಮ ಬಾಯಲ್ಲಿ ಅದು ಹಾಟ್ ಶಾಟ್. ಸರ್ಜನ್ ‘ಫ್ಲೋ ಇಳಿಸಿ’ ಎನ್ನುತ್ತಾರೆ. ‘ಇಳಿಸಿದೆ ಸರ್’ ಎನ್ನುತ್ತಾ ಗುಂಡಿ ತಿರುಗಿಸುತ್ತೇನೆ. ಕ್ಲ್ಯಾಂಪ್ ತೆಗೆದ ಮೇಲೂ ಅವಸರವಿಲ್ಲ. ಒತ್ತಡದ ಅಂಕಿ ನೋಡಿಕೊಂಡು ತುಸುತುಸುವೇ ಏರಿಸುತ್ತೇನೆ. ಬಿಳಚಿಕೊಂಡಿದ್ದ ಸ್ನಾಯು ಕೆಂಪೇರುತ್ತದೆ. ಕೆಲವೊಮ್ಮೆ ಮಿಡಿಯುವ ಬದಲು ಬರಿದೇ ಅದುರುತ್ತದೆ. ಆಗ ಪುಟ್ಟ ಪ್ಯಾಡಲ್‌ಗಳಿಂದ 10 ಜೌಲ್ ಶಾಕ್ ಕೊಡುತ್ತಾರೆ.

‘ರಕ್ತ ಬಿಟ್ಟರೂ ಹಾನಿಯಾದರೆ, ಮುಚ್ಚಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಯಾಕಮ್ಮಾ?’ ಎಂದು ಚಿಕ್ಕಪ್ಪ ಕೇಳಿದರು. ಬಿಡದಿದ್ದರೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು ಚಿಕ್ಕಪ್ಪ, ಎದೆ ನೋವು ಬಂದರೆ ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಾಗುವವರೆಗೆ ಕಾಯಲೇಬೇಡಿ ಎಂದೆ. ಆದರೆ ಹೃದಯಾಘಾತದ ರೋಗಿಯನ್ನು ನಮ್ಮ ಥಿಯೇಟರಿನ ಹಾಗೆ ಮುಂಚಿತವಾಗಿ ಸಿದ್ಧಪಡಿಸಲು ಆಗುವುದಿಲ್ಲ.

ಅಂಥವರ ಹೃದಯವನ್ನೂ ಈ ಹಾನಿಯಿಂದ ಕಾಪಾಡುವ ದಾರಿ ಹುಡುಕುವಾಗ ನನಗೆ ಬಲು ಆಸೆ ಹುಟ್ಟಿಸಿದ್ದು ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ನಾಯಿಗಳ ಹೃದಯಕ್ಕೆ ಮೊದಲೇ 5 ನಿಮಿಷದಂತೆ 4 ಸಲ ರಕ್ತ ತಡೆದು ಬಿಟ್ಟಾಗ, ಮುಂದಿನ ದೀರ್ಘ ತಡೆಯಿಂದ ಸತ್ತ ಭಾಗ ಕಾಲುಪಾಲಿಗೆ ಇಳಿಯಿತು. ತೋಳಿಗೆ ಪಟ್ಟಿ ಬಿಗಿದು ಸಡಿಲಿಸಿದರೂ ಹೃದಯಕ್ಕೆ ಅದೇ ರಕ್ಷಣೆ ಸಿಗಬಹುದು ಎಂದು ಮುಂದೆ ಹಲವರು ನಂಬಿದರು. ಯುರೋಪಿನಲ್ಲಿ ಹೃದಯಾಘಾತದ 5,400ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಈ ಪಟ್ಟಿಯ ಪ್ರಯೋಗ 2019ರಲ್ಲಿ ಹೊರಬಂತು. ಸಾವೂ ಕಡಿಮೆಯಾಗಲಿಲ್ಲ, ಹೃದಯ ವೈಫಲ್ಯವೂ ಕಡಿಮೆಯಾಗಲಿಲ್ಲ. ಓದಿ ನಿಜಕ್ಕೂ ನೊಂದುಕೊಂಡೆ. ತಾಲ್ಲೂಕು ಆಸ್ಪತ್ರೆಯ ನರ್ಸ್ ಕೂಡ ಯಾವ ಖರ್ಚೂ ಇಲ್ಲದೆ ಮಾಡಬಹುದಾಗಿದ್ದ ಕೆಲಸ ಅದು.