ಕಾರಿನ ಬಾಗಿಲಿನಿಂದ ನೀರು ಬಂದರೆ ಮೊದಲು ಬಾಗಿಲ ತಳ ನೋಡಿ

ಮಳೆಗಾಲ ಶುರುವಾದರೆ ನಮ್ಮ ಗ್ಯಾರೇಜಿಗೆ ಬರುವ ಮಾತು ಒಂದೇ. "ಅಣ್ಣ, ಗ್ಲಾಸ್ ಪೂರ್ತಿ ಏರಿಸಿದ್ರೂ ನೀರು ಒಳಗೆ ಬರ್ತೈತಿ." ದಾವಣಗೆರೆ ಪಿ.ಬಿ. ರಸ್ತೆ ಕಡೆ ಗ್ಯಾರೇಜಿನಲ್ಲಿ ನಾನು ಡೋರ್, ಗ್ಲಾಸ್, ಲಾಕ್ ಕೆಲಸ ನೋಡಿಕೊಳ್ಳುತ್ತೇನೆ. ಎಂಜಿನ್ ಕೆಲಸದವರಿಗೆ ಇರುವ ಮರ್ಯಾದೆ ನಮಗಿಲ್ಲ ಬಿಡಿ. ಆದರೆ ಎರಡು ದೊಡ್ಡ ಮಳೆ ಬಿದ್ದರೆ ಸಾಲು ನಮ್ಮ ಮುಂದೆಯೇ ಜಾಸ್ತಿ.

ಬರುವವರಲ್ಲಿ ಅರ್ಧ ಜನ ಆಗಲೇ ಮನೆಯಲ್ಲಿ ಸಿಲಿಕಾನ್ ಟ್ಯೂಬ್ ಖಾಲಿ ಮಾಡಿರುತ್ತಾರೆ. ಗ್ಲಾಸಿನ ಬುಡದಲ್ಲಿ, ಹೊರಗಡೆ ಇರುವ ರಬ್ಬರ್ ಪಟ್ಟಿಗೆ ಉದ್ದಕ್ಕೂ ಬಳಿದಿರುತ್ತಾರೆ. ಒಣಗಿದ ಮೇಲೆ ಗ್ಲಾಸ್ ಇಳಿಸಲು ಹೋದರೆ ಅದು ಅಲ್ಲೇ ಅಂಟಿರುತ್ತದೆ. ಸ್ವಿಚ್ ಒತ್ತಿ ಒತ್ತಿ ಮೋಟರ್‌ಗೂ ಕುತ್ತು. ಆಮೇಲೆ ಬ್ಲೇಡ್ ಹಿಡಿದು ಆ ಸಿಲಿಕಾನ್ ಕೆರೆದು ತೆಗೆಯುವ ಕೆಲಸ ನಮಗೆ. ಇಷ್ಟೆಲ್ಲಾ ಆದರೂ ನೀರು ಮಾತ್ರ ನಿಂತಿರುವುದಿಲ್ಲ.

ಯಾಕೆ ಅಂದರೆ ಆ ಪಟ್ಟಿ ನೀರು ತಡೆಯಲು ಇಟ್ಟದ್ದೇ ಅಲ್ಲ. ಗ್ಲಾಸ್ ಮೇಲಿನ ನೀರು, ಧೂಳು ಒರೆಸುವುದಷ್ಟೇ ಅದರ ಕೆಲಸ. ಜೋರು ಮಳೆಯಲ್ಲಿ ಸ್ವಲ್ಪ ನೀರು ಅದನ್ನು ದಾಟಿ ಬಾಗಿಲಿನ ಹೊಟ್ಟೆಗೆ ಇಳಿದೇ ಇಳಿಯುತ್ತದೆ. ಹೊಸ ಕಾರಿನಲ್ಲೂ ಇಳಿಯುತ್ತದೆ. ಕಾರು ಮಾಡುವವರಿಗೆ ಇದು ಗೊತ್ತು. ಅದಕ್ಕೇ ಬಾಗಿಲಿನ ತಳದ ಅಂಚಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಇಳಿದ ನೀರು ಅಲ್ಲಿಂದ ರಸ್ತೆಗೆ ಹೋಗಬೇಕು. ಅದರ ಜೊತೆಗೆ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಶೀಟ್ ಇರುತ್ತದೆ. ಸುತ್ತಲೂ ಕಪ್ಪು ಗಮ್ ಹಾಕಿ ತಗಡಿಗೆ ಅಂಟಿಸಿರುತ್ತಾರೆ. ಒಳಗೆ ಸಿಡಿದ ನೀರು ಆ ಶೀಟಿಗೆ ತಾಗಿ ಕೆಳಗೆ ಜಾರಬೇಕು, ನಿಮ್ಮ ಕಾಲ ಹತ್ತಿರ ಬರಬಾರದು.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ನೀರು ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳುವ ಮೊದಲು, ಅದು ಹೋಗುವ ದಾರಿ ಸರಿಯಾಗಿದೆಯಾ ನೋಡಬೇಕು. ನಮ್ಮ ಮೇಸ್ತ್ರಿ ಬಾಗಿಲು ಬಿಚ್ಚಲು ಬಿಡುವ ಮೊದಲು ಅದನ್ನು ಜೋರಾಗಿ ಆಚೆ ಈಚೆ ಆಡಿಸಿ ಕೇಳಿಸಿಕೋ ಎನ್ನುತ್ತಿದ್ದರು. ಎಳನೀರು ಅಲ್ಲಾಡಿಸಿದ ಹಾಗೆ ಗುಳುಗುಳು ಅಂದರೆ ತಳದ ತೂತು ಕಟ್ಟಿದೆ ಅಂತಲೇ ಅರ್ಥ. ಸ್ಪ್ಯಾನರ್ ಮುಟ್ಟುವ ಕೆಲಸವೇ ಇಲ್ಲ.

ನಮ್ಮ ಕಡೆ ಇದು ಬೇಗ ಕಟ್ಟುತ್ತದೆ. ಕೊಯ್ಲಿನ ಕಾಲದಲ್ಲಿ ರಸ್ತೆ ಮೇಲೆಲ್ಲಾ ಮೆಕ್ಕೆಜೋಳ ಒಣಗಲು ಹಾಕಿರುತ್ತಾರೆ. ಅದರ ಹೊಟ್ಟು, ಧೂಳು ಗ್ಲಾಸ್ ಸಂದಿಯಿಂದ ಇಳಿದು ತಳದಲ್ಲಿ ಕೂರುತ್ತದೆ. ಜಗಳೂರು, ಚಿತ್ರದುರ್ಗ ಕಡೆ ಓಡಾಡುವ ಗಾಡಿಯಾದರೆ ಕೆಮ್ಮಣ್ಣು ಬೇರೆ. ಮೊದಲ ಮಳೆಗೆ ಎಲ್ಲಾ ನೆನೆದು ಗಟ್ಟಿ ಕೆಸರಾಗುತ್ತದೆ. ಬಾಗಿಲು ತೆರೆದು ಕೆಳಗೆ ಕೂತು ನೋಡಿ, ಅಂಚಿನಲ್ಲಿ ಉದ್ದ ಸೀಳು ಅಥವಾ ತೂತು ಕಾಣುತ್ತವೆ. ಕೆಲವು ಗಾಡಿಗಳಲ್ಲಿ ಬಾಗಿಲಿನ ರಬ್ಬರ್ ಅದನ್ನು ಮುಚ್ಚಿರುತ್ತದೆ, ಮೆಲ್ಲಗೆ ಪಕ್ಕಕ್ಕೆ ಸರಿಸಬೇಕು. ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ಆಡಿಸಿದರೆ ಕೆಸರು ಬಿಡುತ್ತದೆ. ಸ್ಕ್ರೂಡ್ರೈವರ್ ಬೇಡ. ಪೇಂಟ್ ಕಿತ್ತರೆ ಅಲ್ಲಿಂದಲೇ ತುಕ್ಕು ಶುರು.

ತೂತು ಸರಿ ಇದ್ದೂ ಕಾಲಡಿ ಒದ್ದೆಯಾಗುತ್ತಿದ್ದರೆ ನನ್ನ ಮುಂದಿನ ಪ್ರಶ್ನೆ, "ಸ್ಪೀಕರ್ ಹಾಕಿಸಿದ್ರಾ?" ಚನ್ನಗಿರಿ ಕಡೆಯ ಒಬ್ಬರು ಸಣ್ಣ ಕಾರು ತಂದಿದ್ದರು. ಎರಡು ಕಡೆ ಗ್ಲಾಸ್ ರಬ್ಬರ್ ಹೊಸದು ಹಾಕಿಸಿ ಆಗಿತ್ತು, ನೀರು ಹಾಗೇ ಇತ್ತು. ಪ್ಯಾಡ್ ಬಿಚ್ಚಿದೆವು. ಸ್ಪೀಕರ್ ಕೂರಿಸಿದವರು ಶೀಟನ್ನು ಚಾಕುವಿನಿಂದ ಚೌಕವಾಗಿ ಕುಯ್ದು, ಕುಯ್ದ ತುಂಡನ್ನು ಬಾಗಿಲೊಳಗೇ ಬಿಟ್ಟಿದ್ದರು. ಉಳಿದ ಶೀಟಿನ ಕೆಳಗಿನ ಅಂಚು ಗಮ್ ಬಿಟ್ಟು ಒಳಕ್ಕೆ ಮಡಚಿಕೊಂಡಿತ್ತು. ಮೇಲಿಂದ ಬಂದ ಹನಿ ಆ ಮಡಿಕೆಗೆ ಬೀಳುವುದು, ಅಲ್ಲಿಂದ ನೇರ ಕಾರ್ಪೆಟ್‌ಗೆ. ಮಗ್ಗಿನಲ್ಲಿ ನೀರು ಹೊಯ್ದು ಅವರಿಗೇ ತೋರಿಸಿದೆವು. "ಇಷ್ಟೇನಾ?" ಅಂದರು. ಇಷ್ಟೇ. ಆ ತುಂಡನ್ನು ಬಿಟ್ಟರೆ ಬಾಗಿಲೊಳಗೆ ಸಿಕ್ಕಿದ್ದು ಟೋಲ್ ರಸೀದಿ, ಒಂದು ಬಾಚಣಿಗೆ, ಸ್ವಲ್ಪ ಮಂಡಕ್ಕಿ. ಗ್ಲಾಸ್ ಸಂದಿಯಲ್ಲಿ ಏನೇನು ಬೀಳುತ್ತದೆ ಅಂತ ಬರೆದರೆ ಅದೇ ಒಂದು ಕಥೆಯಾದೀತು.

ಹರಿದ ಶೀಟಿಗೆ ದಪ್ಪ ಪ್ಲಾಸ್ಟಿಕ್ ತುಂಡು, ಬ್ಯುಟೈಲ್ ಟೇಪ್ (ಗಮ್ ಹಾಗೆ ಅಂಟುವ ಮೆತ್ತನೆಯ ರಬ್ಬರ್ ಟೇಪ್) ಸಾಕು. ಅಂಟಿಸುವ ಜಾಗ ಒಣಗಿರಬೇಕು, ಧೂಳಿರಬಾರದು. ಸೆಲ್ಲೋಟೇಪ್ ಹಾಕಿದರೆ ನಮ್ಮ ಬಿಸಿಲಿಗೆ ಒಂದು ಬೇಸಿಗೆಯೂ ತಡೆಯಲ್ಲ. ಶೀಟಿನ ಕೆಳ ತುದಿ ಮೊದಲು ಹೇಗಿತ್ತೋ ಹಾಗೇ ಕೂರಿಸಿ, ಅಲ್ಲಿ ಗಮ್ ಬಿಟ್ಟರೆ ಮಾಡಿದ್ದೆಲ್ಲಾ ದಂಡ.

ಇನ್ನು ಗ್ಲಾಸ್ ವಾರೆಯಾಗುವ ವಿಷಯ. ಅರ್ಧ ಇಳಿಸಿ ನಿಧಾನಕ್ಕೆ ಏರಿಸಿ ನೋಡಿ. ಮುಂದಿನ ಮೂಲೆ ಮೊದಲು ತಾಗಿ ಹಿಂದಿನದು ಆಮೇಲೆ ಬಂದರೆ, ಅಥವಾ ಒಂದು ಕಡೆ ಸಂದಿ ಉಳಿದರೆ ಗ್ಲಾಸ್ ವಾಲಿದೆ. ಹೈವೇಯಲ್ಲಿ ಹರಿಹರ ದಾಟುವಷ್ಟರಲ್ಲಿ ಸುಯ್ ಅಂತ ಗಾಳಿ ಕೂಗುವುದೂ ಇದರಿಂದ ಇರಬಹುದು. ಆದರೆ ಅದಕ್ಕೂ ಮೊದಲು ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆ ಎತ್ತಿ. ಬಾಗಿಲೇ ಕಟಕಟ ಅಲ್ಲಾಡಿದರೆ ಹಿಂಜ್ ಸವೆದಿದೆ. ಆಗ ಗ್ಲಾಸ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಅದು ಟಿಂಕರಿಂಗ್ ಕೆಲಸ.

ನೀರು ಬಿಟ್ಟು ನೋಡುವಾಗ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಸಾದಾ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಬೇಕು. ಮೇಲಿಂದ ಬಿಟ್ಟರೆ ಎಲ್ಲಾ ಕಡೆ ಹರಿದು, ಸೋರಿದ್ದು ಎಲ್ಲಿ ಅಂತ ತಿಳಿಯುವುದೇ ಇಲ್ಲ. ವಾಟರ್ ಸರ್ವಿಸ್ ಪ್ರೆಶರ್ ಗನ್ ಹಿಡಿದರೆ ಚೆನ್ನಾಗಿರುವ ರಬ್ಬರೂ ಸೋರುತ್ತದೆ.

ಬಿಚ್ಚುವುದು ಕಷ್ಟವಲ್ಲ, ಅವಸರ ಬೇಡ ಅಷ್ಟೇ. ಪ್ಯಾಡ್ ಸ್ಕ್ರೂಗಳು ಒಳ ಹ್ಯಾಂಡಲ್ ಹಿಂದೆ, ಕೈ ಎಳೆಯುವ ಹಿಡಿಯ ಗುಂಡಿಯಲ್ಲಿ, ಸಣ್ಣ ಮುಚ್ಚಳಗಳ ಕೆಳಗೆ ಅಡಗಿರುತ್ತವೆ. ಎಲ್ಲವನ್ನೂ ತೆಗೆದ ಮೇಲೆ ತಳದಿಂದ ಕೈ ಹಾಕಿ ಕ್ಲಿಪ್ ಒಂದೊಂದಾಗಿ ಬಿಡಿಸಿ. ಬೆಳಿಗ್ಗೆ ಚಳಿಯಲ್ಲಿ ಹಳೇ ಕ್ಲಿಪ್ ಪಟಪಟ ಮುರಿಯುತ್ತವೆ, ಸ್ವಲ್ಪ ಬಿಸಿಲು ತಾಗಿದ ಮೇಲೆ ಸಲೀಸಾಗಿ ಬರುತ್ತವೆ. ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಆದರೆ ಅದರ ಹಿಂದೆ ಒಂದು ತಂತಿ ಲಾಕ್ ಇರುತ್ತದೆ. ಹ್ಯಾಂಡಲ್ ಹಿಂದೆ ಬಟ್ಟೆ ತೂರಿಸಿ ಎಡಕ್ಕೂ ಬಲಕ್ಕೂ ಎಳೆದರೆ ಹೊರಗೆ ಬರುತ್ತದೆ. ಹಾರಿ ಹೋದರೆ ಸಿಗುವುದಿಲ್ಲ, ಇನ್ನೊಂದು ಕೈ ಅಡ್ಡ ಇಟ್ಟಿರಿ. ಪ್ಯಾಡನ್ನು ವೈರಿನಲ್ಲಿ ನೇತಾಡಲು ಬಿಡಬೇಡಿ. ಸೈಡ್ ಏರ್‌ಬ್ಯಾಗ್ ಇರುವ ಗಾಡಿಯ ಬಾಗಿಲಲ್ಲಿ ಅದರ ಸೆನ್ಸರ್ ಇರಬಹುದು. ಅಂಥ ಗಾಡಿಯನ್ನು ಬಲ್ಲವರ ಕೈಗೇ ಕೊಡುವುದು ಒಳ್ಳೆಯದು.

ಗ್ಲಾಸನ್ನು ಹಿಡಿದಿರುವ ಬೋಲ್ಟ್ ಸಾಮಾನ್ಯವಾಗಿ ಎರಡು, ಹೆಚ್ಚಾಗಿ ಹತ್ತು ಎಂಎಂ ಸ್ಪ್ಯಾನರ್ ಕೂರುತ್ತದೆ. ಅವು ತಗಡಿನ ದೊಡ್ಡ ತೂತಿನಲ್ಲಿ ಕಾಣುವಷ್ಟು ಗ್ಲಾಸ್ ಇಳಿಸಿಕೊಳ್ಳಿ. ಆಮೇಲೆ ಅಗಲ ಟೇಪಿನಿಂದ ಗ್ಲಾಸನ್ನು ಬಾಗಿಲಿನ ಫ್ರೇಮಿಗೆ ಕಟ್ಟಿ, ಬ್ಯಾಟರಿ ಮೈನಸ್ ತೆಗೆಯಿರಿ. ನೀವು ಒಳಗೆ ಕೈ ಹಾಕಿರುವಾಗ ಮನೆಯ ಹುಡುಗರು ಸ್ವಿಚ್ ಒತ್ತಿದರೆ ಬೆರಳಿಗೆ ಕುತ್ತು. ಬಾಗಿಲಿನ ಗ್ಲಾಸ್ ಸಾಮಾನ್ಯವಾಗಿ ಟಫನ್ಡ್, ಅಂದರೆ ಗಟ್ಟಿ ಮಾಡಿದ ಗಾಜು. ಗ್ಲಾಸಿನ ಮೈಗೆ ಕೈ ಬಡಿದರೆ ಏನೂ ಆಗಲ್ಲ, ಅಂಚಿಗೆ ಸ್ಪ್ಯಾನರ್ ತಾಗಿದರೆ ಪೂರ್ತಿ ಪುಡಿ.

ಬೋಲ್ಟ್ ಪೂರ್ತಿ ಬಿಚ್ಚಬೇಡಿ, ಸಡಿಲ ಮಾಡಿ ಸಾಕು. ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ವಾಲಿದ ಕಡೆ ಸ್ವಲ್ಪ ಎತ್ತಿ, ಮುಂದೆ ಹಿಂದೆ ಗ್ಲಾಸ್ ಜಾರುವ ಎರಡೂ ಚಾನಲ್‌ನಲ್ಲಿ ಸಮ ಕೂರಿಸಿ. ಹಾಗೇ ಹಿಡಿದುಕೊಂಡಿರುವಾಗ ಇನ್ನೊಬ್ಬರು ಒಂದಿಷ್ಟು ಈ ಬೋಲ್ಟ್, ಒಂದಿಷ್ಟು ಆ ಬೋಲ್ಟ್ ಅಂತ ಬಿಗಿ ಮಾಡಲಿ. ವಾಷರ್ ಬಿಡಬಾರದು, ಜೋರು ತೋರಿಸಿ ಬಿಗಿಯಲೂಬಾರದು. ಇದಾದ ಮೇಲೂ ನಾಲ್ಕು ದಿನಕ್ಕೆ ಮತ್ತೆ ವಾಲಿದರೆ ಗ್ಲಾಸ್ ಏರಿಸಿ ಇಳಿಸುವ ಮಷಿನ್ ಹೋಗಿದೆ. ಕೇಬಲ್ ಸಡಿಲವಾಗಿರುತ್ತದೆ, ಇಲ್ಲವೇ ಪ್ಲಾಸ್ಟಿಕ್ ಹೋಲ್ಡರ್ ಸೀಳಿರುತ್ತದೆ. ತಂತಿ ಕಟ್ಟಿ ಓಡಿಸುವವರನ್ನು ನೋಡಿದ್ದೇನೆ. ಒಂದು ದಿನ ಗ್ಲಾಸ್ ಧಡ್ ಅಂತ ಒಳಗೆ ಬಿದ್ದಿರುತ್ತದೆ. ಮಷಿನ್ ಸೆಟ್ ಬದಲಿಸುವುದೇ ಸರಿ.

ಎಷ್ಟೋ ಸಲ ಬೋಲ್ಟ್ ತನಕ ಹೋಗುವ ಅಗತ್ಯವೂ ಬೀಳುವುದಿಲ್ಲ. ಚಾನಲ್ ರಬ್ಬರ್ ಒಣಗಿ ಒಂದು ಕಡೆ ಹಿಡಿಯುತ್ತಿರುತ್ತದೆ, ಗ್ಲಾಸ್ ಅಲ್ಲಿ ತಡೆದು ವಾಲುತ್ತದೆ. ಹಳೇ ಹಲ್ಲುಜ್ಜುವ ಬ್ರಷ್, ಸೋಪಿನ ನೀರು ಹಾಕಿ ಚಾನಲ್ ತೊಳೆದು, ಒಣಗಿಸಿ, ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್ ಬೇಡವೇ ಬೇಡ. ರಬ್ಬರ್ ಊದಿಕೊಳ್ಳುತ್ತದೆ, ಮೇಲೆ ಧೂಳೆಲ್ಲಾ ಅಂಟುತ್ತದೆ. ಕೊಬ್ಬರಿ ಎಣ್ಣೆ ಹಾಕಿ ಬಂದವರೂ ಇದ್ದಾರೆ. ಚಾನಲ್ ಒಳಗೆ ತೂರಿಸುವ ಮಳೆ ವೈಸರ್ (ಗ್ಲಾಸಿನ ಮೇಲಂಚಿಗೆ ಹಾಕುವ ಪ್ಲಾಸ್ಟಿಕ್ ಸೂರು) ಇದ್ದರೆ ಒಮ್ಮೆ ತೆಗೆದು ನೋಡಿ. ದಪ್ಪ ವೈಸರ್ ಗ್ಲಾಸಿನ ಜಾಗವನ್ನೇ ತಿಂದಿರುತ್ತದೆ.

ಪ್ಯಾಡ್ ಹಾಕುವ ಮೊದಲೇ ಇನ್ನೊಮ್ಮೆ ನೀರು ಬಿಟ್ಟು ನೋಡಿಬಿಡಿ. ಹಾಕಿದ ಮೇಲೆ ನೆನಪಾದರೆ ಮತ್ತೆ ಅಷ್ಟೂ ಕ್ಲಿಪ್ ಬಿಚ್ಚಬೇಕು. ಬ್ಯಾಟರಿ ತೆಗೆದಿದ್ದರೆ ಒಂದೇ ಒತ್ತಿಗೆ ಏರುವ ಗ್ಲಾಸ್ ಮರೆತುಹೋದ ಹಾಗೆ ಅರ್ಧದಲ್ಲಿ ನಿಲ್ಲಬಹುದು. ಹಲವು ಗಾಡಿಗಳಲ್ಲಿ ಗ್ಲಾಸ್ ಪೂರ್ತಿ ಏರಿಸಿ ಸ್ವಿಚ್ ಕೆಲವು ಸೆಕೆಂಡ್ ಹಿಡಿದರೆ ಸರಿಹೋಗುತ್ತದೆ. ನಿಮ್ಮ ಗಾಡಿಯ ಕ್ರಮ ಅದರ ಪುಸ್ತಕದಲ್ಲಿ ಇರುತ್ತದೆ.

ಒದ್ದೆಯಾದ ಕಾರ್ಪೆಟ್ ಮೇಲೆ ಒಣಗಿದ್ದರೂ ಕೆಳಗಿನ ಫೋಮ್ ನೀರು ಹಿಡಿದಿರುತ್ತದೆ. ವಾಸನೆ ಬರುವುದು ಅಲ್ಲಿಂದ. ಎತ್ತಿ, ಕೆಳಗೆ ಪೇಪರ್ ತುರುಕಿ, ಬಾಗಿಲು ತೆರೆದಿಟ್ಟು ಬಿಸಿಲಿಗೆ ಬಿಡಿ. ಇಷ್ಟೆಲ್ಲಾ ಮಾಡಿಯೂ, ಮಳೆಯೇ ಇಲ್ಲದ ದಿನ ಎಡಗಡೆ ಸೀಟಿನ ಮುಂದೆ ಒದ್ದೆ ಕಂಡರೆ ಬಾಗಿಲ ತಂಟೆಗೆ ಹೋಗಬೇಡಿ. ಅದು ಬಹುತೇಕ ಎಸಿ ನೀರು, ಅದರ ಡ್ರೈನ್ ಪೈಪ್ ಕಟ್ಟಿರುತ್ತದೆ. ಎಸಿ ಹಾಕಿ ಗಾಡಿ ನಿಲ್ಲಿಸಿದಾಗ ಕೆಳಗೆ ನೆಲಕ್ಕೆ ಹನಿ ಬೀಳುತ್ತಿದೆಯಾ ನೋಡಿ. ಬೀಳದಿದ್ದರೆ ಎಸಿಯವರ ಹತ್ತಿರ ಹೋಗಿ, ನಮ್ಮ ಸಾಲಿನಲ್ಲಿ ನಿಲ್ಲಬೇಡಿ.