ಬೇಸಿಗೆಯ ಕಬಿನಿ: ಆನೆ ನೋಡಲು ಹೊರಟವರಿಗೆ

ಕಬಿನಿಗೆ ಯಾವಾಗ ಹೋಗೋದು ಅಂತ ಕೇಳಿದರೆ ನಾನು ಹೇಳೋದಿಷ್ಟೇ: ಆನೆ ಹಿಂಡು ಬೇಕಾದರೆ ಮಾರ್ಚ್‌ನಿಂದ ಮೇ, ಹಸಿರು ಕಾಡು ಬೇಕಾದರೆ ಮಳೆ ಹಿಡಿದ ಮೇಲೆ. ಎರಡೂ ಒಟ್ಟಿಗೆ ಸಿಗೋದು ಕಷ್ಟ.

ನಾವು ಹೋಗಿದ್ದು ಏಪ್ರಿಲ್‌ನಲ್ಲಿ. ಮೈಸೂರಿನಿಂದ ಎಚ್.ಡಿ. ಕೋಟೆ ದಾಟಿ ದಮ್ಮನಕಟ್ಟೆಗೆ ಹೋದರೆ ಅಲ್ಲಿಂದ ಜೀಪ್ ಸಫಾರಿ. ಕಾಡಿನೊಳಗೆ ತೇಗವೆಲ್ಲ ಬೋಳು, ಎಷ್ಟೋ ಕೆರೆಗಳಲ್ಲಿ ಬರೀ ಕೆಸರು. ಹಿನ್ನೀರಿನ ಕಡೆ ತಿರುಗಿದರೆ ಮಾತ್ರ ಹಸಿರು. ಕಬಿನಿ ನದಿಗೆ 1974ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಇದು. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಬಯಲಾದ ಹಸಿ ಮಣ್ಣಿನಲ್ಲಿ ಎಳೆ ಹುಲ್ಲು ಏಳುತ್ತದೆ. ದಿನಕ್ಕೆ ನೂರು ಲೀಟರ್‌ಗೂ ಜಾಸ್ತಿ ನೀರು ಕುಡಿಯುವ ಪ್ರಾಣಿಗೆ ನೀರಿನ ಪಕ್ಕದಲ್ಲೇ ಮೇವು ಸಿಕ್ಕರೆ ಬಿಡುತ್ತದೆಯೇ? ಸುತ್ತಲಿನ ಕಾಡುಗಳಿಂದ ಹಿಂಡು ಹಿಂಡಾಗಿ ಬಂದು ಸೇರುತ್ತವೆ.

ಹುಲಿ ಹುಲಿ ಅಂತ ಜೀಪು ಓಡಿಸುವ ಬದಲು ಒಂದು ಆನೆಯ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿಸಿ ಅಂತ ಕೇಳಿ. ನಾವು ನೋಡಿದ ಹೆಣ್ಣಾನೆ ಮುಂಗಾಲಿನ ಉಗುರಿನಿಂದ ಗಿಡ್ಡ ಹುಲ್ಲನ್ನು ಕೆರೆದು ಸಡಿಲ ಮಾಡುತ್ತಿತ್ತು. ಸೊಂಡಿಲಿನಲ್ಲಿ ಒಂದು ಹಿಡಿ ಒಟ್ಟು ಮಾಡಿ, ಕಾಲಿಗೆ ಬಡಿದು ಮಣ್ಣು ಉದುರಿಸಿ, ಆಮೇಲೆ ಬಾಯಿಗೆ. ಒಂದು ತುತ್ತಿಗೆ ಇಷ್ಟು ಕೆಲಸ! ಬೆನ್ನುಮೂಳೆ ಎದ್ದು ಕಾಣುತ್ತಿತ್ತು, ಕಣತಲೆ ಒಳಗೆ ಹೋಗಿತ್ತು.

ಅದಕ್ಕೇ ಹೇಳೋದು, ಇಲ್ಲಿ ಗುಂಪು ಕಂಡಿತು ಅಂತ ಕಾಡಿನ ತುಂಬಾ ಆನೆ ಅಂದುಕೊಳ್ಳಬೇಡಿ. ಬೇರೆ ಕಡೆ ನೀರಿಲ್ಲದ್ದಕ್ಕೇ ಇಲ್ಲಿ ಸೇರಿವೆ, ಅಷ್ಟೆ. ಮಳೆಗಾಲದಲ್ಲಿ ಮೇವು ಎಷ್ಟೇ ಇರಲಿ, ಕಾಡು ಎಷ್ಟು ಪ್ರಾಣಿಗಳನ್ನು ಸಾಕಬಲ್ಲದು ಅನ್ನೋದು ಬಹುಪಾಲು ತೀರ್ಮಾನವಾಗುವುದು ಇಂಥ ಒಣ ತಿಂಗಳುಗಳಲ್ಲೇ. ಬರದ ವರ್ಷ ಮೊದಲು ಸೋಲುವುದು ಮರಿಗಳು ಮತ್ತು ಮುದಿ ಪ್ರಾಣಿಗಳು. ಬಿದಿರು ಹೋದಾಗಲೂ ಹೀಗೇ ಮೇವಿಗೆ ಬರ. ಹೆಬ್ಬಿದಿರು ದಶಕಗಳಿಗೊಮ್ಮೆ ಮೆಳೆಗೆ ಮೆಳೆಯೇ ಹೂ ಬಿಟ್ಟು ಸಾಯುತ್ತದೆ. ಬಿದಿರಕ್ಕಿ ಉದುರಿದಾಗ ಇಲಿಗಳಿಗೆ ಹಬ್ಬ, ಆಮೇಲೆ ಆನೆಗೆ ವರ್ಷಗಟ್ಟಲೆ ಆ ಮೇವಿಲ್ಲ. ಖಾಲಿಯಾದ ಜಾಗಕ್ಕೆ ಲಂಟಾನ ಅನ್ನೋ ಕಳೆ ಪೊದೆ ನುಗ್ಗಿದರೆ ಹುಲ್ಲೂ ಏಳುವುದಿಲ್ಲ. ದಾರಿಯ ಎರಡೂ ಬದಿ ಅದನ್ನು ನೋಡಿ ಬೇಜಾರಾಯಿತು.

ಜಿಂಕೆಗಳಿಗಾಗಿ ಮರದ ಬುಡ ನೋಡುತ್ತಿರಿ. ಮುಸಿಯಗಳು (ಕಪ್ಪು ಮುಖದ ಕೋತಿಗಳು) ಮೇಲಿನಿಂದ ಬೀಳಿಸುವ ಚಿಗುರು, ಹೂವು ಆಯ್ದುಕೊಳ್ಳಲು ಕೆಳಗೆ ಬಂದು ನಿಂತಿರುತ್ತವೆ.

ಜೀಪು, ದೋಣಿ ಎರಡೂ ಮಾಡುವುದಾದರೆ ಒಂದಾದರೂ ಸಂಜೆಯದ್ದಿರಲಿ, ಬಿಸಿಲಿಳಿದ ಮೇಲೆ ಆನೆಗಳು ನೀರಿಗೆ ಬರುವುದು ಜಾಸ್ತಿ. ಬುಕಿಂಗ್ ಮೊದಲೇ ಮಾಡಿ, ರಜೆಯಲ್ಲಿ ಸೀಟು ಸಿಗೋದಿಲ್ಲ. ಹೊರಡುವ ಮುಂಚೆ ಉಳಿದುಕೊಳ್ಳುವ ಜಾಗಕ್ಕೆ ಫೋನ್ ಮಾಡಿ ಮಳೆ ಆಯಿತಾ ಅಂತ ವಿಚಾರಿಸಿ. ಏಪ್ರಿಲ್, ಮೇನಲ್ಲಿ ನಾಲ್ಕು ದಿನ ಜೋರು ಮಳೆ ಬಿದ್ದರೆ ಒಳಗಿನ ಗುಂಡಿಗಳಲ್ಲಿ ನೀರು ನಿಂತು, ಹಿಂಡುಗಳು ಚದುರಿ ಹೋಗಿರುತ್ತವೆ.