ಮಾಳಿಗೆ ಮೇಲೆ ಅಣಬೆ ಒಣಹಾಕಿದ್ದು

ಮೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ, ವಿಟಮಿನ್ ಡಿ 14 ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕವಂತೆ. ಡಾಕ್ಟರು ವಾರಕ್ಕೊಂದು 60,000 ಯೂನಿಟ್‌ನ ಪುಡಿ ಬರೆದುಕೊಟ್ಟರು. ಅವ್ವನಿಗೆ ನಗು. "ಹುಬ್ಬಳ್ಳ್ಯಾಗ ಇದ್ದು ಬಿಸಲಿಗೆ ಬರ ಬಂತೇನ ನಿನಗ?" ಅಂದಳು. ಏನು ಹೇಳೋದು, ಬೆಳಿಗ್ಗೆ ಆಫೀಸು ಹೊಕ್ಕರೆ ಹೊರಗೆ ಬರೋದು ದೀಪ ಹಚ್ಚೋ ಹೊತ್ತಿಗೆ.

ಕಾಡಿನ ಅಣಬೆ ತಿನ್ನು, ಅದರಲ್ಲಿ ಡಿ ಜಾಸ್ತಿ ಅಂತ ಗೆಳೆಯ ಹೇಳಿದ. ಜೂನ್ ಕೊನೆಗೆ ಕಲಘಟಗಿ ರಸ್ತೆಯಲ್ಲಿ ಒಬ್ಬ ಅಜ್ಜಿ ಸಾಗವಾನಿ ಎಲೆ ಮೇಲೆ ಹುತ್ತದ ಅಣಬೆ ಹರವಿಕೊಂಡು ಕೂತಿದ್ದಳು. ಮೊಗ್ಗಿನಂಥ ಚೂಪು ತಲೆ, ಕೆಳಗೆ ಬೇರಿನ ಹಾಗೆ ಉದ್ದಕ್ಕೆ ಇಳಿದ ಕಾಂಡ, ಅದಕ್ಕೆ ಇನ್ನೂ ಕೆಂಪು ಮಣ್ಣು ಹತ್ತಿತ್ತು. ಗೆದ್ದಲುಗಳು ಹುತ್ತದೊಳಗೆ ತಮ್ಮ ಊಟಕ್ಕೆ ಅಂತ ಸಾಕಿಕೊಂಡ ಬೂಷ್ಟು ಮಳೆ ಬಿದ್ದಾಗ ಹೀಗೆ ತಲೆ ಎತ್ತುತ್ತದೆ. ಬಟನ್ ಅಣಬೆ ಥರ ಶೆಡ್ಡಿನಲ್ಲಿ ಬೆಳೆಯೋಕಾಗಲ್ಲ, ಅದಕ್ಕೇ ರೇಟು ಜಾಸ್ತಿ. ಈರುಳ್ಳಿ, ಖಾರ ಹಾಕಿ ಪಲ್ಯ ಮಾಡಿ ರೊಟ್ಟಿ ಜೊತೆ ತಿಂದೆವು. ನಮ್ಮ ಆಯಿ ಬದುಕಿದ್ದರೆ ನಾಯಿಕೊಡೆ ಅಂತ ಒಲೆ ಹತ್ತಿರಕ್ಕೂ ಬಿಡುತ್ತಿರಲಿಲ್ಲ ಬಿಡಿ.

ಆದರೆ ಓದುತ್ತಾ ಹೋದರೆ ಗುಟ್ಟು ಕಾಡಿನದ್ದಲ್ಲ, ಬಿಸಿಲಿನದ್ದು. ಅಣಬೆಯಲ್ಲಿ ಎರ್ಗೋಸ್ಟೆರಾಲ್ ಅಂತ ಒಂದು ವಸ್ತು ಇದೆ, ಬಿಸಿಲಿನ ಯುವಿ-ಬಿ ಕಿರಣ ತಾಗಿದರೆ ಅದು ವಿಟಮಿನ್ ಡಿ2 ಆಗುತ್ತದೆ. ಮೋಡ ಕವಿದ ದಿನ ಎದ್ದು, ಅರಳೋಕೆ ಮುಂಚೆ ಅಜ್ಜಿಯ ಬುಟ್ಟಿ ಸೇರಿದ ಅಣಬೆಗೆ ಎಷ್ಟು ಬಿಸಿಲು ಸಿಕ್ಕಿರುತ್ತೆ ಹೇಳಿ? ಕತ್ತಲಲ್ಲಿ ಬೆಳೆದ ಪ್ಯಾಕೆಟ್ ಅಣಬೆಯಲ್ಲಂತೂ ಡಿ ಇಲ್ಲದಷ್ಟೇ ಕಡಿಮೆ. ಆದರೆ ಅದನ್ನೇ ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಹದಿನೈದು ನಿಮಿಷದಿಂದ ಒಂದು ತಾಸು ಇಟ್ಟರೆ 100 ಗ್ರಾಂಗೆ ಸುಮಾರು 400 ಯೂನಿಟ್ ಸಿಗಬಹುದು. ದಿನಕ್ಕೆ ನಮಗೆ ಬೇಕಾದದ್ದು 600.

ಮಳೆ ಬಿಟ್ಟ ಒಂದು ಭಾನುವಾರ ಅಣಬೆನ ಮೊರದಲ್ಲಿ ಹರವಿ ಮಾಳಿಗೆ ಮೇಲೆ ಇಟ್ಟೆ. ಮೊದಲು ಕಿಟಕಿ ಗಾಜಿನ ಹಿಂದೆ ಇಟ್ಟಿದ್ದೆ, ದಂಡ. ಯುವಿ-ಬಿ ಗಾಜು ದಾಟಲ್ಲ. ಅವ್ವ ಮೇಲೆ ಬಂದು ನೋಡಿ, "ಅಣಬಿ ಬಿಸಲಾಗ, ನೀ ನೆರಳಾಗ. ಭಾಳ ಶಾಣ್ಯಾ ಅದಿ" ಅಂದಳು.

ಒಂದು ಮಾತು. ಹೊಲದ ಬದುವಿನಲ್ಲಿ ಕಂಡದ್ದನ್ನೆಲ್ಲ ಕಿತ್ತು ತರಬೇಡಿ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ ಅನ್ನೋದೆಲ್ಲ ಸುಳ್ಳು. ಕೆಲವು ಅಣಬೆಯ ವಿಷ ಕುದಿಸಿದರೂ ಹೋಗಲ್ಲ, ವಾಂತಿ ಶುರುವಾಗೋದೇ ಆರೆಂಟು ತಾಸಿನ ಮೇಲೆ, ಅಷ್ಟೊತ್ತಿಗೆ ಲಿವರ್‌ಗೆ ಏಟು ಬಿದ್ದಿರುತ್ತೆ. ನಾನಂತೂ ಆ ಅಜ್ಜಿಯಂಥ ಬಲ್ಲವರ ಹತ್ತಿರ ಮಾತ್ರ ತಗೊಳ್ಳೋದು.

ಡಾಕ್ಟರ ಪುಡಿ ಬಿಟ್ಟಿಲ್ಲ. ಅಣಬೆಯ ಡಿ2, ಮೀನು ಮೊಟ್ಟೆಯ ಡಿ3ಯಷ್ಟು ಚೆನ್ನಾಗಿ ರಕ್ತದಲ್ಲಿ ಮಟ್ಟ ಏರಿಸಲ್ಲ. ಮುಂದಿನ ತಿಂಗಳು ಮತ್ತೆ ರಕ್ತ ಕೊಡಬೇಕು.